ಕತ್ತರಿಗೆ ಸಿಕ್ಕ ಕರುಣೆ

ಹಳೆಯ ಚಲನಚಿತ್ರಗಳನ್ನು ಮತ್ತೆ ತೆರೆಗೆ ತರುವ ಪರಿಪಾಠ ನಮ್ಮ ನಾಡಿನಲ್ಲಿ ಈಚೆಗೆ ಬಲಗೊಂಡಿದೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣ ತಳೆದು ಮರಳಿತು. 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಅದೇ ರೀತಿ ಬಂದಿತು. ಅರಕಲಗೂಡು ಸೀಮೆಯ ಹಿರಿಯರಿಗೆ ಇದೇನೂ ಹೊಸತಲ್ಲ. ನಮ್ಮ ಬಾಲ್ಯದ ಟೆಂಟ್ ಸಿನಿಮಾಗಳಿಗೆ ಬರುತ್ತಿದ್ದುದೆಲ್ಲ ಊರೂರು ಸುತ್ತಿ ಸವೆದ ಚಿತ್ರಗಳೇ. ರೀಲು ಹರಿದಲ್ಲಿ ಕತ್ತರಿಸಿ ಅಂಟಿಸುತ್ತಿದ್ದುದರಿಂದ ಒಂದೆರಡು ದೃಶ್ಯಗಳು ಹಾರಿಹೋಗುತ್ತಿದ್ದವು. ಅದು ಬಡತನದ ಕತ್ತರಿ. ಅದರಿಂದ ಯಾರಿಗೂ ಅನ್ಯಾಯವಾಗಲಿಲ್ಲ. ಆದರೆ ಸದುದ್ದೇಶದ ಕತ್ತರಿಯೂ ಒಂದುಂಟು. ಅದು ಮಾಡಬಲ್ಲ ಅನ್ಯಾಯಕ್ಕೆ ಹಾಲಿವುಡ್ಡಿನ ‘ಫ್ರಾಂಕನ್‌ಸ್ಟೈನ್’ ಚಿತ್ರದ ಮರುಬಿಡುಗಡೆಯೇ ನಿದರ್ಶನ. 2025ರಲ್ಲಿ ಗಿಲ್ಲೆರ್ಮೊ ಡೆಲ್ ಟೊರೊ ಅದೇ ಕಥೆಯನ್ನು ಹೊಸದಾಗಿ ತೆರೆಗೆ ತಂದ ಮೇಲೆ ನಮ್ಮ ಮನೆಗಳ ತರುಣರೂ ಅದರ ಮಾತಾಡುತ್ತಿರುವುದರಿಂದ ಈ ವಿಚಾರವನ್ನು ಓದುಗರ ಮುಂದಿಡಬೇಕೆನಿಸಿತು.

ಕಥೆಯ ಮೂಲ ಮೇರಿ ಶೆಲ್ಲಿ ಎಂಬಾಕೆಯ ಕಾದಂಬರಿ. 1816ರ ಬೇಸಗೆಯಲ್ಲಿ, ಜಿನೀವಾ ಸರೋವರದ ದಡದಲ್ಲಿ ಅದನ್ನು ಬರೆಯತೊಡಗಿದಾಗ ಆಕೆಗೆ ಕೇವಲ 18 ವರ್ಷ. ಗ್ರಂಥ 1818ರಲ್ಲಿ ಪ್ರಕಟವಾಯಿತು. ಆಕೆ ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡಿದ್ದಳು. 1815ರಲ್ಲಿ ತನ್ನ ಚೊಚ್ಚಲ ಕೂಸನ್ನೂ ಕಳೆದುಕೊಂಡಿದ್ದಳು. ತಾಯಿಯಿಲ್ಲದೆ ಬೆಳೆದ, ಮಗುವನ್ನು ಮಣ್ಣಿಗಿಟ್ಟ ಹೆಣ್ಣೊಬ್ಬಳು ಈ ಕಥೆ ಬರೆದಳೆಂಬುದನ್ನು ಮರೆತರೆ ಅದು ಬರಿಯ ಭೂತದ ಕಥೆಯಾಗಿ ಕಾಣುತ್ತದೆ.

1931ರಲ್ಲಿ ಯೂನಿವರ್ಸಲ್ ಸಂಸ್ಥೆ ಇದನ್ನು ಚಿತ್ರವಾಗಿಸಿತು. ನಿರ್ದೇಶಕ ಜೇಮ್ಸ್ ವೇಲ್. ಶವಗಳ ಅಂಗಾಂಗಗಳನ್ನು ಜೋಡಿಸಿ ಸಿಡಿಲಿನ ಶಕ್ತಿಯಿಂದ ಜೀವ ತುಂಬಿಸುವ ವಿಜ್ಞಾನಿಯೊಬ್ಬ ಇದರ ನಾಯಕ. ಅವನು ಸೃಷ್ಟಿಸಿದ ಜೀವಿಯ ಪಾತ್ರದಲ್ಲಿ ಬೋರಿಸ್ ಕಾರ್ಲಾಫ್ ನಟಿಸಿದ್ದಾನೆ. ಆ ಜೀವಿಗೆ ಹೆಸರಿಲ್ಲ. ಚಿತ್ರದ ಆರಂಭದ ಪಾತ್ರವರ್ಗದಲ್ಲಿ ಅದನ್ನು ನಟಿಸಿದವನ ಹೆಸರಿನ ಜಾಗದಲ್ಲಿಯೂ ಒಂದು ಪ್ರಶ್ನಾರ್ಥಕ ಚಿಹ್ನೆಯಿದೆ. ಲೋಕವಾದರೋ ಸೃಷ್ಟಿಸಿದವನ ಹೆಸರನ್ನೇ ಆ ಜೀವಿಗೆ ಅಂಟಿಸಿ ‘ಫ್ರಾಂಕನ್‌ಸ್ಟೈನ್’ ಎಂದು ಕರೆಯುತ್ತ ಬಂದಿದೆ.

ಜೀವಿ ಮೊದಲು ಬೆಳಕನ್ನು ಕಾಣುವ ದೃಶ್ಯ ಮನಕಲಕುವಂಥದು. ಮಾಡಿನ ಕಿಂಡಿ ತೆರೆದಾಗ ಅದು ಎರಡೂ ಕೈಗಳನ್ನೆತ್ತಿ, ಕೂಸು ತಾಯಿಯತ್ತ ಕೈಚಾಚುವಂತೆ, ಬೆಳಕಿನತ್ತ ಚಾಚುತ್ತದೆ. ಕಿಂಡಿ ಮುಚ್ಚುತ್ತದೆ. ಬಳಿಕ ಅದಕ್ಕೆ ದೊರೆಯುವುದು ಸರಪಣಿ ಮತ್ತು ಸೇವಕನ ಕೈಯ ಪಂಜಿನ ಹಿಂಸೆ. ಹುಟ್ಟಿಸಿದಾತ ಅದನ್ನು ಗುರುವಿನ ವಶಕ್ಕೊಪ್ಪಿಸಿ ತನ್ನ ಮದುವೆಗೆ ಹೊರಟುಹೋಗುತ್ತಾನೆ.

ತಪ್ಪಿಸಿಕೊಂಡು ಅಲೆಯುವ ಆ ಜೀವಿಗೆ ಕೊಳದ ದಡದಲ್ಲಿ ಮರಿಯಾ ಎಂಬ ಪುಟ್ಟ ಹುಡುಗಿ ಎದುರಾಗುತ್ತಾಳೆ. ಅವಳು ಹೆದರದೆ ಕೈಹಿಡಿದು ಕೂರಿಸಿಕೊಂಡು ಹೂ ಕೊಡುತ್ತಾಳೆ. ರಾಮನಾಥಪುರದ ಕಾವೇರಿಯ ಸೋಪಾನದಲ್ಲಿ ನಮ್ಮ ಮಕ್ಕಳು ಹೂ ತೇಲಿಬಿಟ್ಟು ನಲಿಯುವುದಿಲ್ಲವೇ, ಅದೇ ಆಟ. ಕೈಯಲ್ಲಿನ ಹೂ ಮುಗಿದಾಗ, ಹೂವಿನಂಥ ಹುಡುಗಿಯೂ ತೇಲುವಳೆಂದು ಭಾವಿಸಿ ಅದು ಅವಳನ್ನೇ ಎತ್ತಿ ನೀರಿಗೆಸೆಯುತ್ತದೆ. ಅವಳು ಮುಳುಗುತ್ತಾಳೆ. ಏನಾಯಿತೆಂದು ತಿಳಿಯದೆ ಅದು ಕಂಗಾಲಾಗಿ ಓಡುತ್ತದೆ.

1938ರಲ್ಲಿ ಲಾಸ್ ಏಂಜಲಿಸ್ ಕಡೆಯ ಚಿತ್ರಮಂದಿರವೊಂದು ಇದನ್ನು ‘ಡ್ರಾಕುಲಾ’ ಚಿತ್ರದೊಡನೆ ಮತ್ತೆ ತೋರಿಸಿದಾಗ ಜನ ಮುಗಿಬಿದ್ದರು. ಕಂಪನಿ ಎರಡನ್ನೂ ದೇಶದಾದ್ಯಂತ ಮರುಬಿಡುಗಡೆ ಮಾಡಿತು. ಆದರೆ ಅಷ್ಟರಲ್ಲಿ, 1934ರಿಂದ, ಅಲ್ಲಿ ಚಲನಚಿತ್ರ ಸಂಹಿತೆ ಬಿಗಿಯಾಗಿ ಜಾರಿಗೊಂಡಿತ್ತು. ಅದಕ್ಕೆ ಒಳಪಟ್ಟು ಜೀವಿ ಹುಡುಗಿಯತ್ತ ಕೈಚಾಚುವಲ್ಲಿಗೇ ದೃಶ್ಯವನ್ನು ನಿಲ್ಲಿಸಿದರು. ಮುಂದೆ ಕಾಣುವುದು ಮಗಳ ಹೆಣ ಹೊತ್ತು ಊರೊಳಗೆ ನಡೆದುಬರುವ ತಂದೆ. ನಡುವೆ ಏನು ನಡೆಯಿತು? ಪ್ರೇಕ್ಷಕನ ಮನಸ್ಸು ಬಾಯಿಬಿಟ್ಟು ಹೇಳಲಾಗದುದನ್ನೆಲ್ಲ ಊಹಿಸಿಕೊಂಡಿತು. ವಿಜ್ಞಾನಿ ತನ್ನನ್ನು ದೇವರಿಗೆ ಸಮನೆಂದುಕೊಂಡು ಬೀಗುವ ಮಾತನ್ನೂ ಗುಡುಗಿನ ಸದ್ದಿನಲ್ಲಿ ಅಡಗಿಸಿದರು.

ಈ ಎರಡು ಕತ್ತರಿಕೆಗಳನ್ನು ಒಟ್ಟಿಗೆ ನೋಡಬೇಕು. ಒಂದು ಸೃಷ್ಟಿಸಿದವನ ಅಹಂಕಾರವನ್ನು ಮುಚ್ಚಿತು. ಇನ್ನೊಂದು ಸೃಷ್ಟಿಯಾದುದರ ಮುಗ್ಧತೆಯನ್ನು ಮುಚ್ಚಿತು. ಅಪರಾಧದ ಹೊರೆ ತಂದೆಯ ಹೆಗಲಿನಿಂದ ಮಗುವಿನ ಹೆಗಲಿಗೆ ಜಾರಿತು. ಅಪರಾಧಿಯೊಬ್ಬನ ಮಿದುಳನ್ನು ಆ ಜೀವಿಗೆ ಜೋಡಿಸಿದ ಪ್ರಸಂಗವೊಂದು ಚಿತ್ರದಲ್ಲಿದೆ. ಕೊಳದ ದೃಶ್ಯ ಪೂರ್ಣವಾಗಿದ್ದಾಗ ಆ ವಾದಕ್ಕೆ ಪ್ರತ್ಯುತ್ತರವಿತ್ತು. ಅದು ಹೋದ ಮೇಲೆ ‘ಹುಟ್ಟುಗುಣ’ ಎಂಬ ಮಾತೊಂದೇ ಉಳಿಯಿತು. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಭಯಾನಕದಿಂದ ಕರುಣಕ್ಕೆ ಸಾಗುತ್ತಿದ್ದ ಕೃತಿಯನ್ನು ಕತ್ತರಿ ಬೀಭತ್ಸಕ್ಕೆ ತಳ್ಳಿತು.

ಮಠದ ಪ್ರಸಾದನಿಲಯದಲ್ಲಿ ನಾನು ಓದುತ್ತಿದ್ದಾಗ ತಾಯಿತಂದೆಗಳಿಲ್ಲದ ಹುಡುಗನೊಬ್ಬ ಬಂದು ಸೇರಿದ. ದೊಡ್ಡ ಮೈಕಟ್ಟು, ಒರಟು ಕೈ, ಮುಟ್ಟಿದ್ದೆಲ್ಲ ಮುರಿಯುತ್ತಿತ್ತು. ನಾವು ಹುಡುಗರು ಅವನಿಗೆ ‘ರಾಕ್ಷಸ’ನೆಂದು ಹೆಸರಿಟ್ಟಿದ್ದೆವು. ಒಂದು ದಿನ ಗುರುಗಳು ಪಂಕ್ತಿಯಲ್ಲಿ ಎಲ್ಲರೆದುರು ಅವನ ನಿಜವಾದ ಹೆಸರು ಹಿಡಿದು ಕರೆದು, ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು, ಎಲೆಗೆ ತಾವೇ ಬಡಿಸಿದರು. ಬೇರಾವ ಉಪದೇಶವನ್ನೂ ಮಾಡಲಿಲ್ಲ. ಅಂದಿನಿಂದ ಆ ಅಡ್ಡಹೆಸರು ನಿಲಯದಲ್ಲಿ ಕೇಳಲಿಲ್ಲ. ಕೂಸಿಗೆ ಹೆಸರಿಟ್ಟು, ತೊಟ್ಟಿಲು ತೂಗಿ, ನಮ್ಮದೆಂದು ಒಪ್ಪಿಕೊಳ್ಳುವ ನಮ್ಮ ಮನೆಗಳ ಸಂಸ್ಕಾರದಲ್ಲಿ ಎಷ್ಟು ದೊಡ್ಡ ಹೊಣೆ ಅಡಗಿದೆಯೆಂಬುದು ನನಗೆ ಅಂದು ಅರಿವಾಯಿತು. ಆ ವಿಜ್ಞಾನಿಗೆ ಜೀವ ತುಂಬುವ ವಿದ್ಯೆ ತಿಳಿದಿತ್ತು; ಹೆಸರಿಡುವುದು ತಿಳಿದಿರಲಿಲ್ಲ.

ಇಂಥ ಚಿತ್ರಗಳನ್ನು ಮತ್ತೆ ತೋರಿಸಬಾರದು, ಮಕ್ಕಳು ಬೆಚ್ಚುತ್ತಾರೆ ಎನ್ನುವವರಿದ್ದಾರೆ. ಎಳೆಯ ಮಕ್ಕಳ ವಿಷಯದಲ್ಲಿ ಅವರ ಮಾತು ಸರಿ. ತೊಟ್ಟಿಲ ಕೂಸಿಗೆ ಯಾರೂ ಸ್ಮಶಾನದ ಕಥೆ ಹೇಳುವುದಿಲ್ಲ. ಹಳೆಯ ತಂತ್ರ ಈಗ ನಗೆ ತರಿಸುತ್ತದೆ, ಮರುಬಿಡುಗಡೆ ಹಣದಾಸೆಯ ವ್ಯವಹಾರ ಎನ್ನುವವರೂ ಇದ್ದಾರೆ. ಅದೂ ಪೂರ್ಣ ಸುಳ್ಳಲ್ಲ. ಆದರೆ ಬುದ್ಧಿ ಬಲಿತವರಿಗೆ ತೋರಿಸುವುದಾದರೆ ಇಡಿಯಾಗಿ ತೋರಿಸಬೇಕು. ಹರಿಶ್ಚಂದ್ರನ ಕಥೆಗೆ ಬಣ್ಣ ಬಳಿದರೂ ಅವನು ಸುಡುಗಾಡು ಕಾಯುವುದನ್ನು ಯಾರೂ ಕತ್ತರಿಸಲಿಲ್ಲ. ಕತ್ತರಿಸಿದ್ದರೆ ಅವನ ಸತ್ಯಕ್ಕೆ ಬೆಲೆಯೆಲ್ಲಿರುತ್ತಿತ್ತು?

‘ಫ್ರಾಂಕನ್‌ಸ್ಟೈನ್’ ಚಿತ್ರದ ಕಳೆದುಹೋದ ತುಣುಕು ಸುಮಾರು ಅರ್ಧ ಶತಮಾನದ ನಂತರ, 1980ರ ದಶಕದಲ್ಲಿ, ಸಿಕ್ಕಿ ಮತ್ತೆ ಸೇರಿತು. ಅಲ್ಲಿಯವರೆಗೆ ನೋಡಿದವರೆಲ್ಲ ಒಂದು ಮುಗ್ಧ ಜೀವವನ್ನು ಪಾಪಿಯೆಂದೇ ನಂಬಿ ಮನೆಗೆ ಹೋಗಿದ್ದರು. ನಮ್ಮ ಮನೆಗಳಲ್ಲಿಯೂ ‘ಕೆಟ್ಟ ಹುಡುಗ’ನೆಂದು ಹೆಸರು ಪಡೆದ ಮಗುವೊಂದು ಇದ್ದೀತು. ಅವನ ಕಥೆಯಲ್ಲಿ ಯಾವ ದೃಶ್ಯವನ್ನು ನಾವೇ ಕತ್ತರಿಸಿದ್ದೇವೆ ಎಂದು ತಾಯಿತಂದೆಗಳು ಒಮ್ಮೆ ಕೇಳಿಕೊಂಡರೆ, ಅರ್ಧ ಶತಮಾನ ಕಾಯಬೇಕಾಗಿ ಬರಲಾರದು.