ಮೆಹಫಿಲ್ ಮುಗಿದ ಮೇಲೆ ಮನೆ

ಹಾಡುವವರ, ಬಾರಿಸುವವರ ಬದುಕಿನ ಬಗ್ಗೆ ನಮ್ಮ ಸಮಾಜದಲ್ಲಿ ಎರಡು ಮಾತುಗಳಿವೆ. ಕಲಾವಿದ ಹುಟ್ಟಾ ಫಕೀರ, ಅವನಿಗೆ ಮನೆ ಮಠದ ಹಂಗಿಲ್ಲ ಎಂಬುದು ಒಂದು. ಊರೂರು ತಿರುಗುವವನಿಗೆ ಮಗಳನ್ನು ಕೊಡಬಾರದು ಎಂಬುದು ಇನ್ನೊಂದು. ಮೊದಲನೆಯದನ್ನು ವೇದಿಕೆಯ ಮುಂದೆ ಕೂತವರು ಹೇಳುತ್ತಾರೆ. ಎರಡನೆಯದನ್ನು ಅದೇ ಜನ ಮನೆಗೆ ಹೋದ ಮೇಲೆ ಹೇಳುತ್ತಾರೆ. ಈ ಎರಡು ಮಾತುಗಳ ನಡುವೆ ಬದುಕಿದ ಒಬ್ಬರನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ಅವರು ನಮ್ಮ ಮಾಮು, ಅಮ್ಮಿಯ ತಮ್ಮ. ಹುಬ್ಬಳ್ಳಿಯ ಕವ್ವಾಲಿ ಪಾರ್ಟಿಗಳಲ್ಲಿ ಇಪ್ಪತ್ತೆರಡು ವರ್ಷ ಬ್ಯಾಂಜೊ ನುಡಿಸಿದವರು.

ಬ್ಯಾಂಜೊ ಎಂದರೆ ಇಂಗ್ಲಿಷ್ ಸಿನಿಮಾದಲ್ಲಿ ಕಾಣುವ ಗುಂಡನೆಯ ವಾದ್ಯ ಎಂದುಕೊಳ್ಳಬೇಡಿ. ಕವ್ವಾಲಿಯವರ ಬ್ಯಾಂಜೊ ಉದ್ದನೆಯ ಮರದ ಪೆಟ್ಟಿಗೆ. ಅದರ ಮೇಲೆ ತಂತಿಗಳು, ತಂತಿಗಳ ಮೇಲೆ ಟೈಪ್‌ರೈಟರಿನಂಥ ಗುಂಡಿಗಳು. ಒಂದು ಕೈಯಿಂದ ಗುಂಡಿ ಒತ್ತುತ್ತ ಇನ್ನೊಂದು ಕೈಯಿಂದ ತಂತಿ ಮೀಟಬೇಕು. ಬುಲ್‌ಬುಲ್ ತರಂಗ ಎಂದೂ ಅದನ್ನು ಕರೆಯುತ್ತಾರೆ. ಜಪಾನಿನ ನಗೋಯಾದಲ್ಲಿ 1912ರಲ್ಲಿ ಹುಟ್ಟಿದ ತೈಶೋಗೋತೊ ಎಂಬ ವಾದ್ಯ ಅದರ ಮೂಲ. ಅದು ಸಮುದ್ರ ದಾಟಿ ಬಂದು, ಹೆಸರು ಬದಲಿಸಿಕೊಂಡು, ನಮ್ಮ ಉರುಸುಗಳ ಪೆಂಡಾಲಿನಲ್ಲಿ ಡೋಲಕ್ಕಿನ ಪಕ್ಕ ಕೂತಿತು. ನುಡಿಸುವವನಿಗಿಂತ ವಾದ್ಯವೇ ಹೆಚ್ಚು ತಿರುಗಾಡಿದೆ ಎಂದು ಮಾಮು ನಗುತ್ತಿದ್ದರು.

ಮಾಮು ಹುಟ್ಟಿದ್ದು 1955ರಲ್ಲಿ. ಅಜೀಜ್ ನಾಜಾ ಅವರ ಕವ್ವಾಲಿಯಿದ್ದ 'ಫೈವ್ ರೈಫಲ್ಸ್' ಸಿನಿಮಾ 1974ರಲ್ಲಿ ಬಂದಾಗ ಅವರಿಗೆ ಹತ್ತೊಂಬತ್ತು. ಆ ವರ್ಷ ಹೋಟೆಲು, ಪಾನಂಗಡಿ, ಮದುವೆ ಮನೆ, ಎಲ್ಲಿ ಹೋದರೂ ಅದೇ ಹಾಡು. ಕವ್ವಾಲಿಯೂ ಸಿನಿಮಾದಷ್ಟೇ ದೊಡ್ಡದಾಗಬಲ್ಲದು ಎಂದು ಆಗ ಅನೇಕ ಹುಡುಗರಿಗೆ ಅನ್ನಿಸಿತು. ಮಾಮು ಎರಡು ಸಲ ಬೊಂಬಾಯಿಗೆ ಹೋದರು. ಮೊದಲ ಸಲ ಮೂರು ತಿಂಗಳು, ಎರಡನೆಯ ಸಲ ಒಂದು ವರ್ಷ. ರೆಕಾರ್ಡಿನ ಮೇಲೆ ತಮ್ಮ ಹೆಸರು ಅಚ್ಚಾಗಬೇಕು ಎಂಬುದು ಅವರ ಕನಸು. ಹೆಸರು ದೊಡ್ಡದಾಗಿ ಬೇಡ, ಕೆಳಗೆ ಸಣ್ಣ ಅಕ್ಷರದಲ್ಲಿದ್ದರೂ ಸಾಕಿತ್ತು. ಮುಂದೆ ಕ್ಯಾಸೆಟ್ಟಿನ ಕಾಲ ಬಂದಾಗ ಅವರು ನುಡಿಸಿದ ಎರಡು ಕ್ಯಾಸೆಟ್ಟುಗಳು ಹೊರಬಂದವು. ಹೊದಿಕೆಯ ಮೇಲೆ ಕವ್ವಾಲನ ಹೆಸರಿತ್ತು, ಜೊತೆಗೆ 'ಮತ್ತು ಸಂಗಡಿಗರು' ಎಂದಿತ್ತು. ಆ 'ಸಂಗಡಿಗರು' ಎಂಬ ಪದದೊಳಗೆ ಮಾಮು ಇದ್ದರು.

ಅವರ ವೃತ್ತಿಯ ಒಳಗು ನಮಗೆ ತಿಳಿದದ್ದು ಕಾಗದಗಳಿಂದ. ನಾವು ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಆಮೇಲೆ ಕನ್ನಡ ಶಾಲೆಗೆ ಸೇರಿದವರು. ಮಾಮುಗೆ ಓದು ಅಷ್ಟಕ್ಕಷ್ಟೆ. ದರ್ಗಾ ಕಮಿಟಿಗಳಿಂದ ಕಾರ್ಡು ಉರ್ದುವಿನಲ್ಲಿ ಬರುತ್ತಿತ್ತು. ಜಾತ್ರಾ ಕಮಿಟಿಗಳಿಂದ, ಗಣೇಶೋತ್ಸವದ ಮಂಡಳಿಗಳಿಂದ ಕನ್ನಡದಲ್ಲಿ ಬರುತ್ತಿತ್ತು. ಎರಡನ್ನೂ ಓದಿ ಹೇಳಿ, ಉತ್ತರ ಬರೆದುಕೊಡುವ ಕೆಲಸ ನಮ್ಮದು. ತಾರೀಕು, ಮುಂಗಡ ಎಷ್ಟು, ಬಸ್ ಚಾರ್ಜು ಯಾರದು, ಊಟ ಯಾರ ಮನೆಯಲ್ಲಿ, ಇವಿಷ್ಟೇ ಆ ಕಾರ್ಡುಗಳ ಒಕ್ಕಣೆ. ಸಂಗೀತದ ಬಗ್ಗೆ ಒಂದು ಸಾಲೂ ಇರುತ್ತಿರಲಿಲ್ಲ. ಮುಂದೆ ಕತೆ ಬರೆಯಲು ತೊಡಗಿದ ನಮಗೆ ಮನುಷ್ಯರ ವ್ಯವಹಾರ ಅರ್ಥವಾಗತೊಡಗಿದ್ದು ಆ ಕಾರ್ಡುಗಳಿಂದಲೇ ಇರಬೇಕು.

ಕವ್ವಾಲಿಯವರ ವರ್ಷ ಹಿಜ್ರಿ ಕ್ಯಾಲೆಂಡರಿನದು. ಕಲಬುರಗಿಯ ಬಂದೇ ನವಾಜರ ಉರುಸು ಜಿಲ್ಕಾದ್ ತಿಂಗಳಲ್ಲಿ. ರಂಜಾನಿನಲ್ಲಿ ಕಾರ್ಯಕ್ರಮವಿಲ್ಲ, ಮೊಹರಂ ಹೊತ್ತಿಗೂ ಇಲ್ಲ. ಹಿಜ್ರಿ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದ್ದರಿಂದ ಉರುಸುಗಳು ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತ ಹೋಗುತ್ತವೆ. ಬೇಸಿಗೆಯಲ್ಲಿದ್ದ ಉರುಸು ಕೆಲವು ವರ್ಷಗಳ ಆಮೇಲೆ ಚಳಿಗಾಲಕ್ಕೆ ಬರುತ್ತದೆ. ಮಳೆಗಾಲಕ್ಕೆ ಬಿದ್ದ ಉರುಸಿನಲ್ಲಿ ಪೆಂಡಾಲು ನೆನೆಯುತ್ತದೆ, ಜನ ಸೇರುವುದಿಲ್ಲ. ಆದರೆ ಮಕ್ಕಳ ಫೀಜು ಪ್ರತಿ ಜೂನ್ ತಿಂಗಳಲ್ಲಿ ತಪ್ಪದೆ ಬರುತ್ತದೆ. ಮಾಮು ಮನೆಯ ಕಷ್ಟವೆಲ್ಲ ಈ ಎರಡು ಕ್ಯಾಲೆಂಡರುಗಳ ನಡುವೆ ಇತ್ತು.

ವೇದಿಕೆಯ ಮೇಲೆ ಬೀಳುವ ನೋಟುಗಳನ್ನು ನೋಡಿ ಜನ ಇವರೆಲ್ಲ ಶ್ರೀಮಂತರು ಎಂದುಕೊಳ್ಳುತ್ತಿದ್ದರು. ಬೆಳಗಿನ ಜಾವ ಆ ನೋಟುಗಳನ್ನು ಎಣಿಸಿ ಪಾಲು ಮಾಡುವಾಗ ಕವ್ವಾಲನಿಗೆ ಹೆಚ್ಚು, ಬ್ಯಾಂಜೊ ಮತ್ತು ಡೋಲಕ್ಕಿಗೆ ಒಂದೊಂದು ಪಾಲು, ಚಪ್ಪಾಳೆ ತಟ್ಟಿ ಹಿಂದೆ ಹಾಡುವ ಹುಡುಗರಿಗೆ ಅರ್ಧರ್ಧ. ಬಸ್ ಚಾರ್ಜು, ಚಹಾ, ಬೀಡಿ ಕಳೆದು ಉಳಿದದ್ದು ಮನೆಗೆ. ಮಾಮಿ ಶಾವಿಗೆ ಹೊಸೆದು, ಹಪ್ಪಳ ಒಣಗಿಸಿ ಮಾರುತ್ತಿದ್ದರು. ಮನೆಯ ಜೋಳ ಅಕ್ಕಿ ಬಹುಮಟ್ಟಿಗೆ ಆ ದುಡಿಮೆಯಿಂದ. ಮೊಹಲ್ಲಾದ ಹಿರಿಯರಲ್ಲಿ ಕೆಲವರಿಗೆ ವಾದ್ಯ ನುಡಿಸುವುದೇ ಸರಿ ಕಾಣುತ್ತಿರಲಿಲ್ಲ. ಅವರೊಡನೆ ಮಾಮು ವಾದ ಮಾಡಲಿಲ್ಲ. ನಮಾಜಿಗೆ ಹೋಗುತ್ತಿದ್ದರು, ಸಲಾಂ ಹೇಳುತ್ತಿದ್ದರು, ಸಂಜೆ ಬ್ಯಾಂಜೊವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದರು.

ಇದು ಸಣ್ಣ ಕಲಾವಿದರ ಹಣೆಬರಹ, ದೊಡ್ಡವರಿಗೆ ಹೀಗಿರಲಿಕ್ಕಿಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ನಮ್ಮ ಭಾಗದ ಸಂಗೀತದ ಚರಿತ್ರೆ ಬೇರೆಯದನ್ನು ಹೇಳುತ್ತದೆ. ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು 1872ರಲ್ಲಿ ಇಂದಿನ ಉತ್ತರ ಪ್ರದೇಶದ ಕೈರಾನಾದಲ್ಲಿ ಹುಟ್ಟಿದವರು. ಬರೋಡಾ ಆಸ್ಥಾನದಲ್ಲಿದ್ದಾಗ ತಾರಾಬಾಯಿ ಮಾನೆಯವರಿಗೆ ಮನಸೋತು ಇಬ್ಬರೂ ಊರು ಬಿಟ್ಟು ಬಂದರು. ಪುಣೆಯಲ್ಲಿ 1913ರಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು. ಮಿರಜಿನಲ್ಲಿ ನೆಲೆ ಮಾಡಿಕೊಂಡರು. ಮೈಸೂರಿಗೆ ಹೋಗಿ ಬರುವ ದಾರಿಯಲ್ಲಿ ಧಾರವಾಡದಲ್ಲಿ ಇಳಿಯುತ್ತಿದ್ದರು. ಧಾರವಾಡ ಹುಬ್ಬಳ್ಳಿಯ ಮಣ್ಣಿಗೆ ಕಿರಾನಾ ಗಾಯಕಿ ಬಂದದ್ದರಲ್ಲಿ ಈ ರೈಲು ದಾರಿಯ ಪಾಲು ದೊಡ್ಡದು.

ಆದರೆ ಇದೇ ಉಸ್ತಾದರನ್ನು 1922ರಲ್ಲಿ ತಾರಾಬಾಯಿಯವರು ಐವರು ಮಕ್ಕಳ ಸಮೇತ ಬಿಟ್ಟು ಹೋದರು. ಆ ಮಕ್ಕಳೇ ಮುಂದೆ ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ್, ಸರಸ್ವತಿ ರಾಣೆ ಎಂಬ ಹೆಸರುಗಳಲ್ಲಿ ದೊಡ್ಡ ಗಾಯಕರಾದರು. ಮನೆ ಒಡೆಯಲು ತಿರುಗಾಟವೇ ಕಾರಣ ಎಂದು ನಾವು ಹೇಳಲಾರೆವು. ಗಂಡ ಹೆಂಡಿರ ನಡುವಿನ ಮಾತು ಅವರಿಗೇ ಗೊತ್ತು. ಇಷ್ಟು ಮಾತ್ರ ನಿಜ, ಅಷ್ಟು ದೊಡ್ಡ ಕೀರ್ತಿ ಅವರ ಮನೆಯನ್ನು ಕಾಯಲಿಲ್ಲ. ಸಾವು ಕೂಡ ದಾರಿಯಲ್ಲೇ ಬಂತು. ಮದರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದ ಅವರು ಎದೆನೋವು ಬಂದು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಮೇಲೆಯೇ ಪ್ರಾರ್ಥನೆ ಮಾಡಿ, 1937ರ ಅಕ್ಟೋಬರ್ 27ರಂದು ಕಣ್ಣುಮುಚ್ಚಿದರು. ಮಿರಜಿನ ಮೀರಾ ಸಾಹೇಬರ ದರ್ಗಾದ ಆವರಣದಲ್ಲಿ ಅವರ ಮಜಾರಿದೆ. ಅವರ ನೆನಪಿನಲ್ಲಿ ಉರುಸಿನ ಹೊತ್ತಿಗೆ ದೊಡ್ಡ ದೊಡ್ಡ ಗಾಯಕರು ಬಂದು ಅಲ್ಲಿ ಹಾಡಿ ಹೋಗುತ್ತಾರೆ.

ಅದೇ ಉಸ್ತಾದರ ಗ್ರಾಮಫೋನ್ ತಟ್ಟೆಯೊಂದನ್ನು ಕೇಳಿ ಗದಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ ಮನೆ ಬಿಟ್ಟು ಓಡಿದ ಕತೆ ಎಲ್ಲರಿಗೂ ಗೊತ್ತು. ಅವರಿಗೆ 2008ರಲ್ಲಿ ಭಾರತರತ್ನ ಬಂತು. ಮನೆ ಬಿಟ್ಟು ಓಡುವ ಹುಡುಗರೆಲ್ಲ ಈ ಕತೆಯನ್ನೇ ಮುಂದಿಟ್ಟುಕೊಂಡು ಓಡುತ್ತಾರೆ. ಆ ಹುಡುಗ ಗ್ವಾಲಿಯರ್, ಜಲಂಧರ್ ಎಂದು ಅಲೆದು ಕೊನೆಗೆ ತನ್ನ ಊರಿನ ಬಳಿಯ ಕುಂದಗೋಳಕ್ಕೇ ಮರಳಿ, ಸವಾಯಿ ಗಂಧರ್ವರ ಮನೆಯಲ್ಲಿ ವರ್ಷಗಟ್ಟಲೆ ಕಲಿತರು ಎಂಬ ಭಾಗವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ಅದೇ ಕುಂದಗೋಳಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಕಲಿತವರು ಗಂಗೂಬಾಯಿ ಹಾನಗಲ್. ದೇಶವಿಡೀ ತಿರುಗಿ ಹಾಡಿದ ಅವರಿಗೆ ಆ ತಿರುಗಾಟ ಮನೆಯನ್ನು ಮರೆಯುವ ದಾರಿ ಆಗಿರಲಿಲ್ಲ, ಮನೆ ನಡೆಸುವ ದಾರಿಯಾಗಿತ್ತು. ಮಗಳು ಕೃಷ್ಣಾ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಹಾಡಿದರು. ಆ ಮಗಳು 2004ರಲ್ಲಿ ತೀರಿಕೊಂಡರು, ತಾಯಿ 2009ರಲ್ಲಿ. ಧಾರವಾಡದ ಸಿತಾರ್ ಮನೆತನದ ಉಸ್ತಾದ್ ಬಾಲೇಖಾನರದು ಇನ್ನೊಂದು ದಾರಿ. ಧಾರವಾಡ ಆಕಾಶವಾಣಿಯಲ್ಲಿ ನೌಕರಿ ಮಾಡುತ್ತ, ಶಿಷ್ಯರಿಗೆ ಕಲಿಸುತ್ತ, ಕಚೇರಿಗಳಿಗೂ ಹೋಗಿ ಬಂದು 2007ರಲ್ಲಿ ಹೋಗಿಬಿಟ್ಟರು. ತಿಂಗಳ ಸಂಬಳ ಅವರ ಸಿತಾರಿನ ನಾದವನ್ನೇನೂ ಕಡಿಮೆ ಮಾಡಲಿಲ್ಲ. ಕಲೆಗಾಗಿ ಮನೆಯನ್ನು ಉರಿಸಿದವನೇ ನಿಜವಾದ ಕಲಾವಿದ ಎಂದು ಹೇಳುವವರು ಈ ಇಬ್ಬರ ಬದುಕನ್ನು ಒಮ್ಮೆ ನೋಡಬೇಕು.

ಮಾಮುಗೆ ಆಕಾಶವಾಣಿಯ ನೌಕರಿಯಂಥದ್ದು ಸಿಗುವ ಹಾಗಿರಲಿಲ್ಲ. 1995ರಲ್ಲಿ ದೂರದ ಒಂದು ಊರಿನಲ್ಲಿ ಎರಡು ರಾತ್ರಿಯ ಕಾರ್ಯಕ್ರಮವಿತ್ತು. ಮಧ್ಯದಲ್ಲಿದ್ದ ಏಜೆಂಟ ದುಡ್ಡು ತೆಗೆದುಕೊಂಡು ಕಾಣೆಯಾದ. ಏಳು ಮಂದಿ ಬಸ್ ಸ್ಟ್ಯಾಂಡಿನಲ್ಲಿ ಮಲಗಿ, ಮಾಮು ಕೈಗಡಿಯಾರ ಮಾರಿ, ಐದನೆಯ ದಿನ ಊರು ಸೇರಿದರು. ಮನೆಗೆ ಬೀಗ ಹಾಕಿತ್ತು. ಹತ್ತು ವರ್ಷದ ಮಗಳಿಗೆ ಟೈಫಾಯ್ಡ್ ಆಗಿ ಆಸ್ಪತ್ರೆಯಲ್ಲಿದ್ದಳು. ಮಾಮಿ ಕಿವಿಯೋಲೆ ಒತ್ತೆಯಿಟ್ಟಿದ್ದರು. ಗಂಡನಿಗೆ ತಿಳಿಸೋಣವೆಂದರೆ ಯಾವ ಊರಿನ ಯಾವ ವಿಳಾಸಕ್ಕೆ ಎಂದು ತಿಳಿಸುವುದು? ಮಾಮಿ ಬೈಯಲಿಲ್ಲ. "ನೀವಿದ್ದಿದ್ದರೆ ರಾತ್ರಿ ಕೂರಲಿಕ್ಕೆ ಇನ್ನೊಬ್ಬರು ಆಗುತ್ತಿತ್ತು," ಎಂದರಂತೆ ಅಷ್ಟೆ.

ಮಗಳು ಉಳಿದಳು. ಆ ವರ್ಷವೇ ಮಾಮು ಪಾರ್ಟಿ ಬಿಟ್ಟು, ಗೆಳೆಯನೊಬ್ಬನ ಅಂಗಡಿಯಲ್ಲಿ ಹೊಲಿಗೆ ಕಲಿತರು. ನಲವತ್ತರ ವಯಸ್ಸಿನಲ್ಲಿ ಹದಿನೈದರ ಹುಡುಗರ ಜೊತೆ ಕೂತು ಕಾಜಾ ಗುಂಡಿ ಹಾಕಿದರು. ಎರಡು ವರ್ಷದಲ್ಲಿ ಸ್ವಂತ ಮಷಿನ್ ಬಂತು. ಜನ ಅಯ್ಯೋ ಎಂದರು. ಕಲಾವಿದ ದರ್ಜಿಯಾದ ಎಂದು ಮರುಗಿದರು. ಮಾಮುಗೆ ಆ ಮರುಕ ಇಷ್ಟವಾಗುತ್ತಿರಲಿಲ್ಲ. ಪ್ರತಿ ಜುಮ್ಮೇರಾತ್ ರಾತ್ರಿ ದರ್ಗಾದಲ್ಲಿ ಬ್ಯಾಂಜೊ ನುಡಿಸುವುದನ್ನು ಅವರು ಬಿಡಲಿಲ್ಲ. ಅಲ್ಲಿ ಪಾಲು ಕೇಳುವ ಹಂಗಿಲ್ಲ, ಕವ್ವಾಲ ಹೇಳಿದ್ದನ್ನೇ ನುಡಿಸುವ ಹಂಗೂ ಇಲ್ಲ. ತಮ್ಮ ಒಳ್ಳೆಯ ನುಡಿಸಾಣಿಕೆ ನಲವತ್ತರ ಆಮೇಲಿನದು ಎಂದು ಅವರೇ ಹೇಳುತ್ತಾರೆ. ಕೇಳಿದ ನಮಗೂ ಹಾಗೆಯೇ ಅನ್ನಿಸಿದೆ. ಹಾಗೆಂದು ಆ ಹಳೆಯ ಕನಸಿನ ನೋವು ಇಲ್ಲವೆಂದಲ್ಲ. ಆ ಎರಡು ಕ್ಯಾಸೆಟ್ಟುಗಳು ಇಂದಿಗೂ ಅವರ ಟ್ರಂಕಿನಲ್ಲಿವೆ, ನುಡಿಸುವ ಟೇಪ್ ರೆಕಾರ್ಡರ್ ಮನೆಯಲ್ಲಿಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಉರುಸು, ಜಾತ್ರೆ, ಮದುವೆ ಎಲ್ಲ ನಿಂತಾಗ ಮಾಮುವಿನ ಹಳೆಯ ಸಂಗಡಿಗರು ಬಹಳ ಕಷ್ಟಪಟ್ಟರು. ಡೋಲಕ್ಕಿನವರೊಬ್ಬರು ತಳ್ಳುಗಾಡಿಯಲ್ಲಿ ಹಣ್ಣು ಮಾರಿದರು. ಮಾಮು ಮನೆಯಲ್ಲಿ ಮಷಿನ್ ನಿಲ್ಲಲಿಲ್ಲ, ಮಾಸ್ಕ್ ಹೊಲಿಯಿತು. ಅದರಲ್ಲಿ ಬಂದ ದುಡ್ಡಿನಿಂದ ಎರಡು ಮನೆಗಳಿಗೆ ರೇಷನ್ ಹೋಯಿತು.

ಈಗ ಪ್ರಶ್ನೆ ಮತ್ತೆ ಅದೇ ಮನೆಯಲ್ಲಿ ಎದ್ದಿದೆ. ಅಂದು ಟೈಫಾಯ್ಡಿನಿಂದ ಉಳಿದ ಮಗಳ ಮಗನಿಗೆ ಈಗ ಹತ್ತೊಂಬತ್ತು. ಪಾಲಿಟೆಕ್ನಿಕ್ಕಿನ ಕೊನೆಯ ವರ್ಷ. ಕೀಬೋರ್ಡ್ ಚೆನ್ನಾಗಿ ನುಡಿಸುತ್ತಾನೆ. ಊರೂರು ಸುತ್ತುವ ಆರ್ಕೆಸ್ಟ್ರಾ ತಂಡವೊಂದು ಕರೆದಿದೆ, ಓದು ಬಿಟ್ಟು ಹೋಗುತ್ತೇನೆ ಎಂದ. ತಾಯಿ ಅತ್ತಳು. ಅಪ್ಪ ಎಲ್ಲಿದ್ದಾರೆಂದು ತಿಳಿಯದ ಆ ಆಸ್ಪತ್ರೆಯ ರಾತ್ರಿಗಳನ್ನು ಅವಳು ಮರೆತಿಲ್ಲ. ತೀರ್ಮಾನ ಮಾಮುವಿನ ಮುಂದೆ ಬಂತು. ನಾವೆಲ್ಲ ಕೂತಿದ್ದೆವು. ಬೇಡ ಎಂದರೆ ತಮ್ಮ ಇಪ್ಪತ್ತೆರಡು ವರ್ಷವನ್ನೇ ಅಲ್ಲಗಳೆದಂತೆ. ಹೋಗು ಎಂದರೆ ಮಗಳ ಎದುರು ಎರಡನೆಯ ಸಲ ಅದೇ ಬಸ್ ಹತ್ತಿದಂತೆ.

ಮಾಮು ಮನೆಯಲ್ಲಿ ದಖನಿ ಆಡುವವರು, ವ್ಯವಹಾರದ ಮಾತು ಬಂದರೆ ಮಾತ್ರ ಹುಬ್ಬಳ್ಳಿ ಕನ್ನಡಕ್ಕೆ ಬರುತ್ತಾರೆ. "ನೋಡು ಬೇಟಾ," ಎಂದರು, "ಪರೀಕ್ಷಾ ಮುಗಿಸು. ಅಲ್ಲೀತನಕ ಶನಿವಾರ ರಾತ್ರಿ ಅಷ್ಟ ಹೋಗು. ರೊಕ್ಕ ಮುಂಗಡ ಕೈಯಾಗ ಬಂದಮ್ಯಾಲೆ ಗಾಡಿ ಹತ್ತು. ಯಾವ ಊರು, ಯಾರ ಕಾರ್ಯಕ್ರಮ, ನಿಮ್ಮ ಅಮ್ಮಿಗೆ ಬರೆದು ಕೊಟ್ಟು ಹೋಗು. ಸುರಲಿಪಿ ಓದೂದು ಕಲಿ, ಇಲ್ಲಂದ್ರ ಮುಪ್ಪಿನತನಕ 'ಸಂಗಡಿಗರು' ಆಗೇ ಇರ್ತಿ." ಹುಡುಗ ಕನಸಿನ ಮಾತೆತ್ತಿದ. "ಕನಸು ನಿಂದs. ಅದರ ಸಾಲ ಮಾತ್ರ ಮನ್ಯಾಗಿನವರ ಮ್ಯಾಲೆ ಹೊರಸಬ್ಯಾಡ," ಎಂದರು.

ಹುಡುಗನಿಗೆ ಪೂರ್ತಿ ಸಮಾಧಾನವಾಗಲಿಲ್ಲ, ಅವನ ತಾಯಿಗೂ ಆಗಲಿಲ್ಲ. ಆದರೆ ಇಬ್ಬರೂ ಒಪ್ಪಿದರು. ಪರೀಕ್ಷೆ ಆದ ಮೇಲೆ ಅವನು ಯಾವ ದಾರಿ ಹಿಡಿಯುತ್ತಾನೋ ನಾವು ಕಾಣೆವು. ಸದ್ಯಕ್ಕೆ ಶನಿವಾರ ಸಂಜೆ ಹೊರಡುವಾಗ ಅಡುಗೆ ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಊರಿನ ಹೆಸರು, ಫೋನ್ ನಂಬರು ಬರೆದು ಹೋಗುತ್ತಾನೆ. ಭಾನುವಾರ ಬೆಳಿಗ್ಗೆ ಅವನು ಬರುವ ಹೊತ್ತಿಗೆ ಮಾಮು ಮಷಿನ್ ಮುಂದೆ ಕೂತಿರುತ್ತಾರೆ. ಉಂಡಿಯೇನು, ರೊಕ್ಕ ಬಂತೇನು ಎಂದು ಮೊದಲು ಕೇಳುತ್ತಾರೆ. ಆಮೇಲೆ ಮಷಿನ್ ನಿಲ್ಲಿಸಿ, ಯಾವ ಹಾಡು ನುಡಿಸಿದಿರಿ, ಯಾವ ಸುರ್ ಹಿಡಿದಿರಿ ಎಂದು ಕೇಳುತ್ತಾರೆ. ಆ ಮಾತು ಬಹಳ ಹೊತ್ತು ನಡೆಯುತ್ತದೆ.