ಶನಿವಾರದ ಸಂತೆ

ನಮಗೆ ಭಾನುವಾರ ಬೆಳಗಾದರೆ ಅಮೆರಿಕದಲ್ಲಿರುವ ನನ್ನ ಮಗಳಿಗೆ ಇನ್ನೂ ಶನಿವಾರದ ಸಂಜೆ. ಆ ಹೊತ್ತಿಗೆ ಫೋನ್ ಮಾಡಿ "ಎಲ್ಲಿದ್ದೀಯೇ?" ಎಂದರೆ "ಮಾಲಲ್ಲಿ ಅಮ್ಮ" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಮಕ್ಕಳಿಗೆ ವರ್ಷಗಟ್ಟಲೆ ಮಿತವ್ಯಯದ ಪಾಠ ಹೇಳಿದ ಬಾಯಿ ಸುಮ್ಮನಿರುತ್ತದೆಯೆ? "ಕೈಯಲ್ಲಿ ನಾಲ್ಕು ಕಾಸು ಓಡಾಡಿದರೆ ಹೀಗೇ ನೋಡು. ವಾರ ವಾರವೂ ಅದೇನು ಕೊಳ್ಳೋದು?" ಎಂದು ಗದರುತ್ತಿದ್ದೆ. ಅವಳು ನಕ್ಕು ಸುಮ್ಮನಾಗುತ್ತಿದ್ದಳು.

2023ರ ಜನವರಿಯಲ್ಲಿ, ಉಳಿಸಿಕೊಂಡಿದ್ದ ಗಳಿಕೆ ರಜೆ ಹಾಕಿ ಅವಳಿರುವ ಮಿನೆಸೋಟಾಕ್ಕೆ ಹೋದೆ. ಅವಳದು ಮನೆಯಿಂದಲೇ ಕೆಲಸ. ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತರೆ ಏಳುವುದು ಸಂಜೆಗೇ. ಆರು ಗಂಟೆಗೆಲ್ಲ ಹೊರಗೆ ಗವ್ವೆನ್ನುವ ಕತ್ತಲು, ಹೆಪ್ಪುಗಟ್ಟಿದ ಹಿಮ. ಮನೆಯೇನೋ ಬೆಚ್ಚಗಿತ್ತು. ಆದರೆ ವಾರ ಕಳೆದರೂ ಪಕ್ಕದ ಮನೆಯವರ ಮುಖ ಕಾಣಲಿಲ್ಲ. ಬಾಗಿಲು ತಟ್ಟಿದವನು ಪಾರ್ಸೆಲ್ ತಂದವನೊಬ್ಬನೇ. ಅವನೂ ನಾನು ಬಾಗಿಲು ತೆಗೆಯುವಷ್ಟರಲ್ಲಿ ಪೆಟ್ಟಿಗೆ ಇಟ್ಟು ಮಾಯ.

ಶನಿವಾರ ಸಂಜೆ "ಹೊರಡಮ್ಮ" ಎಂದಳು. ಚಳಿ ಸೊನ್ನೆಗಿಂತ 18 ಡಿಗ್ರಿ ಕೆಳಗಿತ್ತು. ಸೀರೆಯೊಳಗೆ ಅವಳ ಪ್ಯಾಂಟು, ಮೇಲೆ ಎರಡು ಸ್ವೆಟರು, ಅದರ ಮೇಲೊಂದು ಕೋಟು, ತಲೆಗೆ ಮಂಕಿ ಟೋಪಿ. ಕನ್ನಡಿ ನೋಡಿ ನಾನೇ ಬೆದರಿದೆ. ಕಾರಿನಿಂದಿಳಿದು ಬಾಗಿಲು ಸೇರುವಷ್ಟರಲ್ಲಿ ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ.

ಬ್ಲೂಮಿಂಗ್ಟನ್ ಊರಿನ 'ಮಾಲ್ ಆಫ್ ಅಮೆರಿಕ' ಅದು. ಹಳೆಯ ಕ್ರೀಡಾಂಗಣವೊಂದಿದ್ದ ಜಾಗದಲ್ಲಿ ಕಟ್ಟಿ 1992ರಲ್ಲಿ ತೆರೆದದ್ದು. 500ಕ್ಕೂ ಹೆಚ್ಚು ಅಂಗಡಿಗಳು. ನಡುವೆ, ಸೂರಿನ ಕೆಳಗೇ, ಮಕ್ಕಳನ್ನು ಹೊತ್ತು ಗಿರಗಿರನೆ ಸುತ್ತುವ ಆಟದ ರೈಲು! ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಸೆಖೆಯಾಗಿ ಕೋಟು ಬಿಚ್ಚಿದೆ.

"ಇಷ್ಟು ದೊಡ್ಡ ಜಾಗ ಬೆಚ್ಚಗಿಡೋಕೆ ಕರೆಂಟು ಎಷ್ಟು ಸುಡುತ್ತಾರೋ!" ಎಂದೆ.

"ಇಲ್ಲಮ್ಮ, ಈ ಓಡಾಡೋ ಜಾಗಕ್ಕೆ ಹೀಟರೇ ಇಲ್ಲ. ಬಾಗಿಲುಗಳ ಹತ್ತಿರ ಮಾತ್ರ. ಹಗಲು ಗಾಜಿನ ಸೂರಿನಿಂದ ಬೀಳೋ ಬಿಸಿಲು, ದೀಪಗಳ ಶಾಖ, ಮತ್ತೆ ಬಂದ ಜನರ ಮೈಬಿಸಿ. ಅಷ್ಟರಲ್ಲೇ ಸುಮಾರು 21 ಡಿಗ್ರಿ ಇರತ್ತೆ."

ಊರಿಗೆ ಹೋದ ಕೂಡಲೇ ಇದನ್ನು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಹೇಳಬೇಕು ಎಂದುಕೊಂಡೆ.

ಒಂದು ಮಹಡಿ ಸುತ್ತಿದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರು. ಮೂರು ಸುತ್ತು ಹಾಕಿದೆವು. ಮಗಳು ಒಂದು ಅಂಗಡಿಯೊಳಗೂ ಕಾಲಿಡಲಿಲ್ಲ. ನಮ್ಮಂತೆ ಬರಿಗೈಯಲ್ಲಿ ಸುತ್ತುತ್ತಿದ್ದ ಮುದುಕರೂ ಇದ್ದರು. ಕೆಂಪು ಟೋಪಿಯ ಅಜ್ಜಿಯೊಬ್ಬರು ಇವಳನ್ನು ಕಂಡು ನಿಂತು, ತಾಯಿಯೇ ಎಂದು ವಿಚಾರಿಸಿ, ನನ್ನ ಎರಡೂ ಕೈ ಹಿಡಿದುಕೊಂಡರು.

ಕೊನೆಗೆ ಎರಡು ಕಾಫಿ ತಂದು ಬೆಂಚಿನ ಮೇಲೆ ಕೂತಳು. "ಏನೂ ಕೊಳ್ಳಲ್ವೇನೇ?" ಎಂದೆ.

"ಕೊಳ್ಳೋಕೆ ಬರೋದಲ್ಲಮ್ಮ. ವಾರವೆಲ್ಲ ಕಂಪ್ಯೂಟರಿನ ಜೊತೆಗೇ ಮಾತು. ಇಲ್ಲಿಗೆ ಬಂದರೆ ಜನರ ಸದ್ದಾದರೂ ಕಿವಿಗೆ ಬೀಳತ್ತೆ."

"ಮೊದಲೇ ಹೇಳಬಾರದಿತ್ತೇನೇ?"

"ಹೇಳಿದ್ರೆ ನೀನು ಅಲ್ಲಿ ನಿದ್ದೆ ಮಾಡ್ತಿರಲಿಲ್ಲ. ಬೈಸಿಕೊಳ್ಳೋದೇ ವಾಸಿ ಅನ್ನಿಸ್ತು."

ನಾನು ಕಾಫಿ ಲೋಟ ನೋಡುತ್ತಾ ಕೂತೆ. ನನ್ನ ಅಮ್ಮ ವಾರದ ಸಂತೆಯನ್ನು ಎಂದೂ ತಪ್ಪಿಸುತ್ತಿರಲಿಲ್ಲ. ಅರ್ಧ ದಿನ ಕಳೆದು ಹಿಂದಿರುಗಿದರೆ ಚೀಲದಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು. "ಇದಕ್ಕೆ ಇಷ್ಟು ಹೊತ್ತು ಬೇಕಾಯ್ತಾ?" ಎಂದು ಅಪ್ಪ ರೇಗುತ್ತಿದ್ದರು. ಸಂತೆಗೆ ತವರೂರಿನವರು ಬರುತ್ತಾರೆ, ಅವರ ಜೊತೆ ನಾಲ್ಕು ಮಾತಾಡಲು ಹೋಗುತ್ತೇನೆ ಎಂದು ಅಮ್ಮ ಬಾಯಿಬಿಡಲಿಲ್ಲ. ಅದು ನನಗೆ ತಿಳಿದದ್ದು ಮದುವೆಯಾಗಿ ಬೇರೆ ಊರು ಸೇರಿದ ಮೇಲೆ. ತಿಳಿದೂ ತಿಳಿದೂ ಮಗಳ ಹತ್ತಿರ ಅಪ್ಪನ ಮಾತನ್ನೇ ಆಡಿದೆನಲ್ಲ!

ಈಗಲೂ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ. "ಮಾಲಲ್ಲಿ ಅಮ್ಮ" ಎನ್ನುತ್ತಾಳೆ. ಏನು ಕೊಂಡೆ ಎಂದು ಕೇಳುವುದಿಲ್ಲ. ಕೆಂಪು ಟೋಪಿಯ ಅಜ್ಜಿ ಬಂದಿದ್ದಾರಾ ಎಂದು ಕೇಳುತ್ತೇನೆ.