ಮರ ಕಾಯುತ್ತಿತ್ತು

ಮಗಳ ಶಾಲೆಯ ನಾಟಕ ಸಂಜೆ ಐದಕ್ಕೆ. ಅವಳು ಅದರಲ್ಲಿ ಮರ. ಮಾತಿಲ್ಲ, ಆದರೂ ಅಪ್ಪ ಬರಲೇಬೇಕು.

ನಾಲ್ಕಕ್ಕೆ ಆಫೀಸಿನಿಂದ ಫೋನು: ಬಿಲ್ಲಿನಲ್ಲಿ ರಿಯಾಯಿತಿ ಎರಡೆರಡು ಸಲ ಕಳೆಯುತ್ತಿದೆ! ಆ ಲೆಕ್ಕ ಬರೆದ ಸಾಲು ಸಾವಿರಾರು ಫೈಲುಗಳಲ್ಲಿ ಎಲ್ಲಿದೆಯೋ. ನನ್ನ ಹಳೆಯ ಸಾಫ್ಟ್‌ವೇರ್ ಒಂದು ಪದ ಹುಡುಕಲು ಐದಾರು ನಿಮಿಷ ತಿನ್ನುತ್ತಿತ್ತು. ಊಹಿಸಿದ ಪದ ತಪ್ಪಾದರೆ ಮತ್ತೆ ಮೊದಲಿನಿಂದ. ಆರನೇ ಸಲಕ್ಕೆ ಸಿಕ್ಕಿತು. ಸರಿಪಡಿಸಿ ಶಾಲೆಗೆ ಓಡಿದರೆ, ಮರ ಎಲೆಗಳನ್ನೆಲ್ಲ ಕಳಚಿ ಗೇಟಿನ ಬಳಿ ಕೂತಿತ್ತು.

"ಕಂಪ್ಯೂಟರ್ ಅಂದ್ರೆ ಫಾಸ್ಟ್ ಅಲ್ವಾ ಅಪ್ಪಾ?"

ರಾತ್ರಿ ಅವಳ ದಪ್ಪ ಪ್ರಾಣಿ ಪುಸ್ತಕ ತೆಗೆದು, "ನವಿಲು ಎಲ್ಲಿದೆ, ಹುಡುಕು" ಎಂದೆ. ಪುಟ ಮಗುಚತೊಡಗಿದಳು. ಕೊನೆಯಲ್ಲಿದ್ದ ಪದಸೂಚಿ ತೋರಿಸಿದೆ. ಕೆಲವು ಸಾಫ್ಟ್‌ವೇರ್‌ಗಳು ಇಂಥ ಸೂಚಿಯನ್ನು ಮೊದಲೇ ಬರೆದಿಟ್ಟುಕೊಳ್ಳುತ್ತವೆ. ಸೂಚಿ ಇಲ್ಲದಿದ್ದರೂ ಉಪಾಯವಿದೆ. ಬೋಯರ್ ಮತ್ತು ಮೂರ್ 1977ರಲ್ಲೇ ಹೇಳಿದ್ದು: ಪದದ ಕೊನೆಯ ಅಕ್ಷರ ಇರಬೇಕಾದ ಜಾಗವನ್ನೇ ಮೊದಲು ನೋಡು. ಅಲ್ಲಿ 'ನ', 'ವಿ', 'ಲು' ಮೂರರಲ್ಲಿ ಯಾವುದೂ ಇಲ್ಲವೇ? ಮೂರಕ್ಷರ ಒಟ್ಟಿಗೇ ಹಾರು. ಮಗಳ ಬೆರಳು ಸಾಲಿನ ಮೇಲೆ ಕುಂಟೆಬಿಲ್ಲೆ ಆಡತೊಡಗಿತು.

2016ರಲ್ಲಿ ಬಂದ 'ರಿಪ್‌ಗ್ರೆಪ್' ಇನ್ನೂ ಜಾಣ. ಬೇಡವೆಂದು ಗುರುತಿಸಿಟ್ಟ ಫೈಲುಗಳನ್ನು ತೆರೆಯುವುದೇ ಇಲ್ಲ. ಉಳಿದದ್ದನ್ನು ಪ್ರೊಸೆಸರಿನ ಕೋರ್‌ಗಳಿಗೆ ಹಂಚುತ್ತದೆ. ಅಂದೇ ಹಾಕಿಕೊಂಡೆ. ಅದೇ ಪದ, ಅದೇ ಫೈಲುಗಳು. ಎರಡು ಸೆಕೆಂಡು.

"ಇದನ್ನ ನಿನ್ನೆನೇ ಹಾಕ್ಕೊಳ್ಳೋಕೆ ಏನಾಗಿತ್ತು?"

ಸೋಮಾರಿತನ, ಇನ್ನೇನು. ಹೇಳಲಿಲ್ಲ. ಅವಳು ಕೋಣೆಯ ನಡುವೆ ಕೈ ಚಾಚಿ ನಿಂತಳು. ನಾನೊಬ್ಬನೇ ಪ್ರೇಕ್ಷಕ.